ಕಾಯುವುದು

ಮೊದಲು ಗೋಡೆಯ ಸ್ವಿಚ್ಚು, ಆಮೇಲೆ ಪಿನ್ನು,
ಆಮೇಲೆ ಪಿಂಗಾಣಿ ಫ್ಯೂಸನ್ನೇ ಕಿತ್ತು
ಸೆರಗಿನ ತುದಿಗೆ ಗಂಟು ಹಾಕಿ
ಸೆರಗು ಸೊಂಟಕ್ಕೆ ಸಿಗಿಸಿದೆನೆಂದರೆ
ಶನಿವಾರ ಮಧ್ಯಾಹ್ನದ ಕೆಮಿಸ್ಟ್ರಿ ಲ್ಯಾಬು ನನ್ನದು.

ಇದು ಜಮಾದಾರ ಮಾಮಾ ಬಿಟ್ಟುಹೋದ ಪದ್ಧತಿ.
ಅವರಿಗೆ ಖಾಕಿ ಅಂಗಿಯ ಜೇಬಿತ್ತು, ನನಗೆ ಸೆರಗು,
ಅಷ್ಟೇ ಫರಕು.
"ಕೀಲಿ ನಿನ್ನ ಮೈಮ್ಯಾಲೆ ಇರ್ಲಿ ಶಾವಂತ್ರೆವ್ವಾ,
ನೀ ಒಳಗ ಕೈ ಹಾಕಿದಾಗ
ಹೊರಗ ಯಾವನರೆ ಬಂದು ಖಟ್ ಅನ್ಸಿದಾ ಅಂದ್ರ?"
ನಿವೃತ್ತಿಯ ದಿನ ಶಾಲು ಹೊದ್ದು, ತೆಂಗಿನಕಾಯಿ ಹಿಡಿದು,
ಜೇಬಿನಲ್ಲಿ ಓವನ್ನಿನ ಫ್ಯೂಸು ಇಟ್ಟುಕೊಂಡೇ ಮನೆಗೆ ಹೋದರು.
ಮೂರು ದಿನ ನಾವು ಮೆಕ್ಯಾನಿಕನನ್ನು ಬೈದೆವು.

ಆಮೇಲೆ ಕಾಯುವುದು.
ತಟ್ಟೆ ಬೆಳಗಿನಿಂದ ಕಾದಿದೆ, ಈಗ ನಾನು ಕಾಯಬೇಕು.
ಈ ಒಂದು ಮಾತಿಗೆ ನಮ್ಮಲ್ಲಿ ಮೂರು ಕೆಲಸ:
ಬಿಸಿಯಾಗುವುದು, ದಾರಿ ನೋಡುವುದು,
ಮಂಚಿಕೆಯ ಮೇಲೆ ಕೂತು ಜೋಳದ ಹಕ್ಕಿ ಓಡಿಸುವುದು.
ಸಂಬಳದ ಚೀಟಿಯಲ್ಲಿ ಮೂರಕ್ಕೂ ಸೇರಿ ಒಂದೇ ಸಾಲು.
ಹೊರಗೆ ವಿಜಯಪುರದ ಬಿಸಿಲು, ನಲವತ್ತೆರಡು;
ಒಳಗೆ ಫ್ಯಾನು ಅದನ್ನೇ ತಿರುವಿ ತಿರುವಿ ಹಾಕುತ್ತಿದೆ.

ಎಂಟು ವರ್ಷಕ್ಕೇ ರೊಟ್ಟಿಯನ್ನು
ಬರಿಗೈಯಲ್ಲಿ ಮಗುಚಿದವಳು ನಾನು,
ಕಾವು ಗೊತ್ತು ಅಂದುಕೊಂಡಿದ್ದೆ.
ಆದರೆ ಹಂಚು ಮಾತಾಡುತ್ತದೆ,
ನೀರು ಚಿಮುಕಿಸಿದರೆ ಚುಂಯ್ ಅನ್ನುತ್ತದೆ.
ಇವು ಮೂಕ.
ಕಾದ ಗಾಜಿಗೂ ಕಾಯದ ಗಾಜಿಗೂ ಒಂದೇ ಮಾರಿ.
ಸೇರಿದ ಮೊದಲ ತಿಂಗಳು ಟ್ರೈಪಾಡು ಎತ್ತಿಡಲು ಹೋಗಿ
ಅಂಗೈಯಲ್ಲಿ ಈ ಅಡ್ಡಗೆರೆ.
ಜ್ಯೋತಿಷಿಯೊಬ್ಬ ಅದನ್ನೂ ಓದಿದ, ವಿದೇಶ ಪ್ರಯಾಣ ಅಂದ.
ಈಗ ಮುಟ್ಟುವುದಿಲ್ಲ. ಹಿಂಗೈಯನ್ನು ಗೇಣು ದೂರ ಹಿಡಿದು
ಮಲಗಿದ ಕೂಸಿನ ಉಸಿರು ನೋಡಿದ ಹಾಗೆ ನೋಡುತ್ತೇನೆ.

ಆರಿತು.
ತಟ್ಟೆಯ ಮೇಲೆ ಯಾರದೋ ಮೈಲುತುತ್ತ ಉಕ್ಕಿ
ನೀಲಿ ಸುಟ್ಟುಹೋಗಿ ಬೂದಿಯ ಹಾಗೆ ಬೆಳ್ಳಗೆ ಅಂಟಿದೆ;
ಹಿಂಡಿದ ಬಟ್ಟೆ ತಾಗಿದ್ದೇ ಮತ್ತೆ ನೀಲಿ!
ಎಷ್ಟು ಸಲ ನೋಡಿದರೂ ಇಲ್ಲಿ ಒಂದು ಗಳಿಗೆ ಕೈ ನಿಲ್ಲುತ್ತದೆ.
ಓವನ್ನಿನ ತಳದಲ್ಲಿ ಒಂದು ಶೇಂಗಾ ಸಿಪ್ಪೆ,
ಫೈನಲ್ ಇಯರಿನವರು ಏನು ಒಣಗಿಸುತ್ತಾರೋ.
ಮಫಲ್ ಕುಲುಮೆಗೆ ನೀರು ತೋರಿಸಬಾರದು,
ಅದರ ಇಟ್ಟಿಗೆಯ ಪುಡಿಯನ್ನು ಬಾಯಿಂದ ಊದಬಾರದು,
ಮೂಗು ಕಟ್ಟಿಕೊಂಡು ಮೆತ್ತನೆ ಬ್ರಷ್ಷು.
ಗ್ಯಾಸಿನ ನಳಿಗೆಗೆ ಸೋಪಿನ ನೀರು ಸವರಿ ಗುಳ್ಳೆ ಹುಡುಕು;
ಕಡ್ಡಿ ಗೀರಿ ಹುಡುಕಿದವನ ಹುಬ್ಬಿನ ಕತೆಯನ್ನು
ಮಾಮಾ ಒಮ್ಮೆಯೂ ನಗದೆ ಹೇಳುತ್ತಿದ್ದರು.

ಕಷ್ಟವಿರುವುದು ನೀರು ಬಟ್ಟಿ ಇಳಿಸುವ ಯಂತ್ರದಲ್ಲಿ.
ನಮ್ಮ ಬೋರಿನ ನೀರು ಕಾಯಿಲಿಗೆ ಸುಣ್ಣದ ಕಂಬಳಿ ಹೊದಿಸುತ್ತದೆ.
ಒಳಗೆ ತಾನೇ ಸುಟ್ಟುಕೊಳ್ಳುತ್ತ
ಹೊರಗೆ ನೀರನ್ನು ಬೆಚ್ಚಗೂ ಮಾಡದು
(ಅಂಥವರು ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ).
ಚಾಕುವಿನಿಂದ ಕೆರೆದರೆ ಕಾಯಿಲ್ ಸತ್ತಂತೆ.
ಸಿಟ್ರಿಕ್ ಆಮ್ಲಕ್ಕೆ ಬರೆದ ಇಂಡೆಂಟು ಮೂರು ಸಲ ವಾಪಸು,
ಕೊನೆಯ ಸಲ ಕೆಂಪು ಶಾಯಿಯಲ್ಲಿ: ಅವಶ್ಯಕತೆ ವಿವರಿಸಿ.

ಇಂಡಿಯಲ್ಲಿ ನಾದಿನಿಯ ತೋಟ.
ವ್ಯಾಪಾರಿಗಳು ಆರಿಸಿ ಎಸೆದ ಚುಕ್ಕಿ ಲಿಂಬೆ ಅರ್ಧ ಚೀಲ.
ಹಿಂಡಿದೆ, ಸೋಸಿದೆ, ತಣ್ಣಗಿನ ಕಾಯಿಲ್ ಮುಳುಗುವಷ್ಟು ಸುರಿದೆ.
ಸಣ್ಣಗೆ ಗುಳ್ಳೆ ಎದ್ದವು,
ಫ್ಯಾನು ನಿಲ್ಲಿಸಿ ಕಿವಿಗೊಟ್ಟರೆ ಕೇಳುವಷ್ಟು.
ವಿವರಣೆ ಅಂದರೆ ಇದು ಸಾಹೇಬರೇ.
ಮೇಲೆ ಚೀಟಿ ಅಂಟಿಸಿದೆ:
ಒಳಗೆ ಲಿಂಬೆ ರಸ. ಕುಡಿಯಬೇಡಿ. ಚಾಲೂ ಮಾಡಬೇಡಿ.

ಐದೂವರೆಯ ಹಿಟ್ಟಿನಹಳ್ಳಿ ಬಸ್ಸು.
ಉಗುರಿನ ಸಂದಿಯಲ್ಲಿ ಇನ್ನೂ ಲಿಂಬೆ ವಾಸನೆ.
ಸಿಂದಗಿ ನಾಕಾ ದಾಟಿದ ಮೇಲೆ ಸೊಂಟಕ್ಕೆ ಏನೋ ಚುಚ್ಚಿತು.
ಗಂಟು.
ಸೋಮವಾರದವರೆಗೆ ಅಲ್ಲಿ ಯಾವುದೂ ಕಾಯುವುದಿಲ್ಲ.
ಪಕ್ಕದ ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು:
"ರೊಕ್ಕೇನವ್ವಾ? ಜ್ವಾಕಿ."
ಹೂಂ ಅಂದು
ಗಂಟನ್ನು ಇನ್ನೊಂದು ಸುತ್ತು ಬಿಗಿದೆ.