ಒಳಗ ಹೋದವರು

ಭೋಂಗಾ ದಿನಾ ಆರಕ್ಕ ಒದರತಿತ್ತು.
ಅದನ್ನ ಕೇಳಿ ನಾವೇನು ಏಳತಿದ್ದಿಲ್ಲ.
ಅದು ನಿಂತ ದಿನ ಓಣಿಗೆ ಓಣಿಯೇ ಎಚ್ಚರಾತು.

ಘಟಪ್ರಭಾ ದಂಡಿ, ಗಿರಣಿ ಓಣಿ,
ಒಂದು ಗ್ವಾಡಿಗೆ ಎರಡು ಮನಿ:
ನಮ್ಮದು, ಸೋದರಮಾವ ಯಮನಪ್ಪಂದು.
ಅವ್ವನ ತವರು ಅಂದ್ರ ಆ ಗ್ವಾಡಿಯ ಆಚೆ ಮೈ.
ಉಪ್ಪು ತೀರಿದರ ಎರಡು ಸಲ ಬಡದರ ಸಾಕು,
ವಾಟಗದಾಗ ಉಪ್ಪು ಬರತಿತ್ತು.

ಸಂಪಿನ ಅರವತ್ತೊಂದನೇ ದಿನ
ಅಪ್ಪ ಬುತ್ತಿ ಕಟ್ಟಿಸಿಕೊಂಡು ಗೇಟಿನೊಳಗ ಹೋದ.
ಅವ್ವನ ಕೈ ನಡುಗಿತೋ ಇಲ್ಲೋ, ನೆನಪಿಲ್ಲ ನನಗ.
ನೆನಪಿರೋದು ಹನ್ನೆರಡು ಮಂದಿ, ಮುಂದ ಪೊಲೀಸ್ ವ್ಯಾನು,
ಈಚೆ ಕೆಂಪು ಬಾವುಟದ ಬುಡಕ ಮಾವ.
ಬೈಲಿಲ್ಲ. ಕಲ್ಲು ಒಗೀಲಿಲ್ಲ.
ತಲಿ ಮ್ಯಾಗಿನ ಟೊಪಗಿ ತಗದು, ಝಾಡಿಸಿ,
ಮತ್ತ ಹಾಕ್ಕೊಂಡ.
ಅಷ್ಟ.

ಆ ವಾರ ಕಟಿಂಗ್ ಅಂಗಡ್ಯಾಗ ಯಾರೋ ಕಿವಿಯೊಳಗ ಏನೋ ಅಂದ್ರು,
ಸಂಗಪ್ಪ ಬ್ಲೇಡು ಕೆಳಗಿಟ್ಟ.
ಅರ್ಧ ಗಡ್ಡ ಹೊತ್ತುಕೊಂಡು ಅಪ್ಪ ಮನಿಗೆ ಬಂದ.
ಪಂಚಮಿ ಬಂತು, ಉಂಡಿ ಬರಲಿಲ್ಲ.
ಗ್ವಾಡಿಯಾಚೆ ಶೇಂಗಾ ಕುಟ್ಟೋ ಸಪ್ಪಳ,
ಬೆಲ್ಲದ ಪಾಕದ ವಾಸನಿ.
ಮೂರು ದಿನ ಅವ್ವ ಬಾಗಿಲ ಪೂರಾ ಹಾಕಲಿಲ್ಲ.

ಯಾಕ ಹೋದಿ ಅಂತ ಕೇಳಿದರ
ಒಮ್ಮೆ ಅಂದ: ನಿನ್ನ ತಮ್ಮಗ ಜ್ವರ ಇತ್ತು.
ಒಮ್ಮೆ: ಅವ್ವನ ಬೋರಮಾಳ ಶೇಟನ ಪೆಟಗ್ಯಾಗಿತ್ತು.
ಮುಪ್ಪಿನಾಗ ಒಂದು ರಾತ್ರಿ, ಯಾರೂ ಕೇಳದನ:
ಮಶೀನು ತುಕ್ಕು ಹಿಡೀತಿತ್ತು,
ಯಾರರ ಎಣ್ಣಿ ಬಿಡಬೇಕಿತ್ತಲ್ಲ.

ಅದರ ಎದಿಮ್ಯಾಲ ಎರಕದ ಅಕ್ಷರ: ಓಲ್ಡ್‌ಹ್ಯಾಮ್.
ಅದೊಂದು ಊರು, ಬಿಳಿಯರ ಊರು, ಅಂದಿದ್ದನಂತ ಮೇಸ್ತ್ರಿ.
ಓದು ಬರಲಾರದ ಅಪ್ಪ ದಿನಾ ಒರಸಿ ಒರಸಿ
ಅದನ್ನ ಬೆರಳಲೆ ಓದತಿದ್ದ.

ನಾಕು ವರ್ಷಕ್ಕ ಗಿರಣಿ ಮುಚ್ಚಿತು.
ಒಳಗ ಹೋದವರಿಗೂ ಹೊರಗ ನಿಂತವರಿಗೂ
ಒಂದಽ ಕೀಲಿ.
ಬಾಕಿ ಪಗಾರದ ಕೇಸು, ಲೇಬರ್ ಕೋರ್ಟಿನ ಪಟ್ಟಿ:
ನೂರಾ ಹನ್ನೆರಡು ಮಾನಿಂಗಪ್ಪ,
ನೂರಾ ಹದಿಮೂರು ಯಮನಪ್ಪ.
ಜವಾನ ಒಂದಽ ಉಸುರಿನಾಗ ಇಬ್ಬರನ್ನೂ ಕೂಗತಿದ್ದ.
ಒಂದಽ ಬೆಂಚು. ನಡುವ ಮಾವನ ಛತ್ರಿ,
ಮಳಿ ಇಲ್ಲದ ದಿನಾನೂ.
ಹತ್ತೊಂಬತ್ತು ವರ್ಷ.

ಆಮ್ಯಾಲ ಹಿನ್ನೀರು ಬಂತು.
ಮುಳುಗಡಿ ಸಾಹೇಬ್ರು ಟೇಪು ಹಿಡದು ಬರಕೊಂಡ್ರು:
ಜಂತಿ ಎಂಟು, ಬಾಗಿಲ ಎರಡು, ಬೇವಿನ ಗಿಡ ಒಂದು.
ಗ್ವಾಡಿ ಯಾರದಂತ ತಕರಾರಾಗಿ
ಅರ್ಧ ಇವರಿಗೆ ಅರ್ಧ ಅವರಿಗೆ ಅಂತ ಪರಿಹಾರ ಬರದ್ರು.
ಬಡದರ ಉಪ್ಪು ಬರತಿತ್ತು ಅನ್ನಾಕ
ಅವರ ಫಾರ್ಮಿನಾಗ ಕಾಲಂ ಇರಲಿಲ್ಲ.

ನವನಗರದಾಗ ಅವರದೊಂದು ಸೆಕ್ಟರು, ನಮ್ಮದೊಂದು.
ಅಗಲ ಡಾಂಬರು ರಸ್ತೆ.
ಅರಳಿ ಧೂಳಿನ ಅದಽ ಕೆಮ್ಮು ಇಬ್ಬರಿಗೂ,
ಒಬ್ಬರದು ಒಬ್ಬರಿಗೆ ಕೇಳೂದಿಲ್ಲ ಈಗ.
ಅವ್ವ ಮಾತ್ರ ಹೊಸ ಅಡಗಿಮನ್ಯಾಗ
ಒಮ್ಮೊಮ್ಮೆ ಗ್ವಾಡಿ ಬಡೀತಿದ್ದಳು.
ಆಚೆ ಬಯಲು.
ಆಕಿ ಹೋದಾಗ ಮಾವ ಬಂದ,
ತವರಿನ ಸೀರಿ ಹೊಚ್ಚಿದ,
ನೀರು ಮುಟ್ಟಲಿಲ್ಲ.

ಈ ಬ್ಯಾಸಗ್ಯಾಗ ನೀರು ಭಾಳ ಇಳೀತು.
ಗೇಟಿನ ಎರಡು ಕಂಬ ಎದ್ದು ನಿಂತಾವು,
ಕಂಪೌಂಡಿಲ್ಲ, ಗಿರಣಿ ಇಲ್ಲ.
ಅಪ್ಪನ್ನ ಸ್ಕೂಟಿ ಮ್ಯಾಲ ಕರಕೊಂಡು ಹೋದೆ.
ದಾರ್ಯಾಗ ಕೇಳಿದ:
ಆ ಓಲ್ಡ್‌ಹ್ಯಾಮ್ ಊರಾಗ ಗಿರಣಿ ನಡದಾವೇನವಾ?
ಗಾಡಿ ನಿಲ್ಲಿಸಿ ಫೋನಿನಾಗ ನೋಡಿ ಹೇಳಿದೆ:
ಇಲ್ಲಪ್ಪಾ, ಎಲ್ಲಾ ನಿಂತಾವಂತ.
ಅರ್ಧ ಮೈಲು ಸುಮ್ಮನಿದ್ದ.
ಅಲ್ಲೂ ಒಳಗ ಹೋದವರು ಇದ್ದರೇನು?
ಅದನ್ನ ನಾ ಹುಡುಕಲಿಲ್ಲ.

ಕಂಬದ ತನಕ ಕೋಲೂರಿಕೊಂತ ನಡದ.
ನಡುವ ದಾರಿ ಒಣಗಿತ್ತು, ಲಾರಿ ಹಾಯೋವಷ್ಟು ಅಗಲ.
ನಿಂತ.
ಹಿಂದ ಯಾರರ ಅದಾರೇನಂತ ಹೊಳ್ಳಿ ನೋಡಿದ.
ಆಮ್ಯಾಲ ಧೋತರ ಎತ್ತಿ ಕಟ್ಟಿ
ಎಡಗಡೆ ಕಂಬ ಬಳಸಿ
ಮೊಣಕಾಲ ಮಟ ರಾಡಿ ತುಳಕೊಂತ
ಆಚೆ ಹೋದ.