ಗಾಳಿ ನಿಂತ ನಾಲ್ಕು ದಿನ

ಜೋಗಿಮಟ್ಟಿಯ ಕಡೆ ಗುಡ್ಡದ ಸಾಲಿಗೆ ಮೂವತ್ತೊಂದು ಗಾಳಿಯಂತ್ರ,
ಕೆಳಗೆ ತಗಡಿನ ಕೋಣೆಯಲ್ಲಿ ನಾನೊಬ್ಬಳು.
ಗಂಟೆಗೊಮ್ಮೆ ಗಾಳಿಯ ವೇಗ ಬರೆದಿಡುವುದು ಕೆಲಸ.
ಗಾಳಿ ಬಂದಾಗ ತೂರಿಕೋ ಎಂಬ ಮಾತು
ನಮ್ಮಲ್ಲಿ ಗಾದೆಯಲ್ಲ, ಸಂಬಳ.

ಹೋದ ವರ್ಷ ಗೇರ್‌ಬಾಕ್ಸ್ ಸರಿಮಾಡಲು ಬಂದ ಮೊರಿಶಿತಾ
ಮೂವತ್ತೆಂಟು ದಿನ ಇದ್ದು, ಮಂಡಕ್ಕಿ ಮೆಣಸಿನಕಾಯಿ ಕಲಿತು,
ಹೊರಡುವ ದಿನ ಲಾಗ್‌ಬುಕ್ಕಿನ ಕೊನೆಯ ಹಾಳೆಗೆ
ತನ್ನ ಊರು ಬರೆದುಕೊಟ್ಟ, ಪೆನ್ಸಿಲಿನಲ್ಲಿ:
ಇದು ಬಂದರು.
ಇದು ನನ್ನ ಅತ್ತೆಯ ಮನೆ, ಆರು ಚಾಪೆಯ ಕೋಣೆ ಬಾಡಿಗೆಗಿದೆ.
ಇಲ್ಲಿ ಬೊಂಡಾಸು ಒಣಹಾಕುತ್ತಾರೆ, ತಂತಿಯ ಮೇಲೆ, ಬಟ್ಟೆಯ ಹಾಗೆ.
ಸುತ್ತ ನಡೆದರೆ ಎರಡು ಗಂಟೆ.

ನಮ್ಮದು ಏಳು ಸುತ್ತಿನ ಕೋಟೆ.
ಅದು ಒಂದೇ ಸುತ್ತಿನ ಊರು.

ಹಾಳೆ ಹಿಡಿದು ಬಿಡದವಳು ಚಿಕ್ಕಮ್ಮ ತಿಪ್ಪೀರಮ್ಮ.
ಸಂತೆಯಲ್ಲಿ ಮೂವತ್ತು ವರ್ಷ ಒಣಮೀನು ಮಾರಿದವಳು,
ಮಲ್ಪೆಯಿಂದ ಬಂದ ಮೂಟೆ ಬಿಚ್ಚಿ ಬಿಚ್ಚಿ
ಸಮುದ್ರ ಮಾತ್ರ ನೋಡದವಳು.
"ಇದೇನವ್ವ, ಕಾಲೆಲ್ಲ ತಲೆಗೇ ಅಂಟ್ಯವೆ" ಎಂದು ನಕ್ಕು,
ತಂತಿಯ ಗೆರೆಯ ಮೇಲೆ ಬೆರಳಿಟ್ಟು ಸುಮ್ಮನಾದಳು.
"ಎಷ್ಟು ಬಿಸಿಲು ಕೊಡ್ತಾರಂತೆ? ಉಪ್ಪು ಒಳಗೋ ಹೊರಗೋ?
ಕೇಳಿ ಬರೆಸು.
ಬ್ಯಾಡ ಬಿಡು, ಹೋಗೇ ನೋಡಣ."

"ಮಲ್ಪೆಗೇ ಹೋಗಬಹುದಲ್ಲ" ಅಂದೆ.
"ಅಲ್ಲಿ ಸಾವ್ಕಾರಂಗೆ ಹನ್ನೊಂದು ಸಾವಿರ ಬಾಕಿ ಐತೆ" ಅಂದಳು.

ದಾವಣಗೆರೆಯ ಪಾಸ್‌ಪೋರ್ಟ್ ಕಚೇರಿಯ ಗಾಜಿನ ಮೇಲೆ
ನಾಲ್ಕು ಸಲ ಒತ್ತಿದರೂ ಮೂಡಲಿಲ್ಲ ಅವಳ ಬೆರಳು.
ಉಪ್ಪು ಗೆರೆಗಳನ್ನೆಲ್ಲ ತಿಂದು ಮುಗಿಸಿತ್ತು.
ಹುಡುಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿಡಿದು, ಒತ್ತಿ,
ಆಮೇಲೆ ಮೆಲ್ಲಗೆ ತನ್ನ ಕೈ ಮೂಸಿ ನೋಡಿಕೊಂಡ.
ಕೊನೆಗೆ ಕಿರುಬೆರಳು ಒಪ್ಪಿತು.

ವಿಚಾರಣೆಗೆ ಬಂದ ಪೇದೆ ಹೊಸ್ತಿಲಲ್ಲೇ ನಿಂತು:
"ಜಪಾನಿನಲ್ಲಿ ನಿಮ್ಮೋರು ಯಾರಿದ್ದಾರಮ್ಮ?"
"ಯಾರೂ ಇಲ್ಲ ಸಾಮಿ. ಮೀನು ಅವೆ."
ಅದನ್ನು ಬರೆದುಕೊಂಡನೋ ಇಲ್ಲವೋ,
ಕಾಲು ಕೇಜಿ ಒಣಸೀಗಡಿ ಮಾತ್ರ ಒಯ್ದ.

ಮೊರಿಶಿತಾನ ಅತ್ತೆಯ ಉತ್ತರ
ಫೋನು ಮಾಡಿದ ಕನ್ನಡದಲ್ಲಿ, ಕಲ್ಲು ಕಲ್ಲಾಗಿ, ಬಂತು:
"ದೋಣಿ ದಿನಕ್ಕೆ ಒಂದು. ಗಾಳಿ ಎದ್ದರೆ ಒಂದೂ ಇಲ್ಲ.
ಗಾಳಿ ಎದ್ದರೆ ನೀವು ಇಲ್ಲಿ. ನಾವೂ ಇಲ್ಲಿ. ಅನ್ನ ಇದೆ."
ಚಿಕ್ಕಮ್ಮ ಅದನ್ನು ಮೂರು ಸಲ ಓದಿಸಿದಳು,
ಕೊನೆಯ ಎರಡು ಪದ ನಾಲ್ಕು ಸಲ.

ಹಾಗಾಗಿ ಈಗ ಒಂದೇ ಮೊಳೆಗೆ ಎರಡು ಕ್ಯಾಲೆಂಡರು.
ಇಲ್ಲಿ ಆಷಾಢ ಶ್ರಾವಣದಲ್ಲಿ ಗಾಳಿ, ರಜೆ ಕೇಳುವ ಹಾಗಿಲ್ಲ.
ಅಲ್ಲಿ ಮಾಗಿಯಲ್ಲಿ ಗಾಳಿ, ದೋಣಿ ಕೇಳುವ ಹಾಗಿಲ್ಲ.
ಭಾದ್ರಪದಕ್ಕೆ ಅವರಿಗೆ ಬಿರುಗಾಳಿ, ನನಗೆ ಆಡಿಟ್ಟು.
ಚೈತ್ರದ ಕೊನೆಗೆ ಒಂದು ಕಿಂಡಿ ಉಳಿಯುತ್ತದೆ,
ಒಬ್ಬರು ತಲೆ ತೂರಿಸುವಷ್ಟು.
ನಾವು ಇಬ್ಬರು.

ನಾಲ್ಕು ದಿನ ಕೇಳಿದ್ದೇನೆ, ಎರಡು ದಿನ ಗಾಳಿಯ ಲೆಕ್ಕಕ್ಕೆ ಜಾಸ್ತಿ.
ಅರ್ಜಿಯಲ್ಲಿ ಕಾರಣದ ಮುಂದೆ ಒಂದೂವರೆ ಇಂಚು ಜಾಗ.
"ಚಿಕ್ಕಮ್ಮನ ವ್ಯಾಪಾರ" ಎಂದು ತುಂಬಿದೆ.
ನನ್ನ ಚೀಟಿ ಎತ್ತಿದ್ದಾಯಿತು. ಸ್ವೆಟರು ಎರವಲು ತಂದದ್ದಾಯಿತು.
ಅವಳ ಚೀಲದಲ್ಲಿ ರಾಗಿಹಿಟ್ಟು, ಹುರಿಗಡಲೆ, ಖಾರದ ಪುಡಿ,
ಅದರ ಕೆಳಗೆ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿ,
ಐವತ್ತು ಗ್ರಾಮಿನ ಬಟ್ಟು:
"ಅವರ ತಕ್ಕಡಿ ಹೆಂಗಿರ್ತದೋ, ಯಾರಿಗೆ ಗೊತ್ತು?"

ನಿನ್ನೆ ಸಂಜೆ ಐದಕ್ಕೆ ಸೊನ್ನೆ ಬರೆದೆ.
ಆರಕ್ಕೂ ಸೊನ್ನೆ.
ಗುಡ್ಡದ ಮೇಲೆ ಮೂವತ್ತೊಂದೂ ನಿಂತುಬಿಟ್ಟವು,
ಒಂದೊಂದು ಒಂದೊಂದು ಕಡೆ ನೋಡುತ್ತ,
ಬಸ್ಸು ತಪ್ಪಿದವರ ಹಾಗೆ.
ಸಂತೆಗೆ ಫೋನು ಮಾಡಿದೆ.
"ಚಿಕ್ಕಮ್ಮ, ಗಾಳಿ ನಿಂತಿದೆ."
ಆ ತುದಿಯಲ್ಲಿ ತಕ್ಕಡಿ ಕೆಳಗಿಟ್ಟ ಸದ್ದು.
"ಅಲ್ಲಿ?" ಅಂದಳು.