ಓಲಿವಾರೆಸ್ ಕೇರಿಯ ಕುರ್ಚಿಗಳು

ಊರಿನ ಹೆಸರೇ ಮೊದಲ ಪಾಠ.
ಜಮೋರಾ ಅಂದೆ. ವಿಸಿತಾಸಿಯೋನ್ ತಲೆಯಲ್ಲಾಡಿಸಿ
ನಾಲಿಗೆಯ ತುದಿಯನ್ನು ಹಲ್ಲಿನ ಸಂದಿಗೆ ಕೊಟ್ಟು
ಗಾಳಿ ಬಿಟ್ಟು ತೋರಿಸಿದಳು.
ಮೂರು ಸಲ ನಾನೂ ಊದಿದೆ.
ನಾಲ್ಕನೆಯದಕ್ಕೆ, ಹೋಗಲಿ ಬಿಡು ಎಂಬಂತೆ,
ಕೋಣೆಯ ಕೀಲಿಕೈ ಕೊಟ್ಟಳು.

ಎರಡು ರಾತ್ರಿಗೆಂದು ಬಂದವಳು
ಹನ್ನೊಂದು ರಾತ್ರಿ ಉಳಿದೆ.
ನೋಡುವುದಕ್ಕೆ ಹಳೆಯ ಇಗರ್ಜಿಗಳು ಬೇಕಾದಷ್ಟಿದ್ದವು,
ನಾನು ಹೊಕ್ಕದ್ದು ಎರಡು,
ಅದೂ ಒಳಗೆ ತಂಪಿದೆ ಅಂತ.
ಗೋಪುರದ ಮೇಲೆ ಕೊಕ್ಕರೆಯ ಗೂಡು, ಬುಟ್ಟಿಯಷ್ಟಗಲ,
ಕೊಕ್ಕರೆ ಇಲ್ಲ.
ಆಗಸ್ಟಿನಲ್ಲಿ ಬಂದವರಿಗೆ ಗೂಡು ಮಾತ್ರ, ಅಂದರು.

ಇಲ್ಲಿ ಗಡಿಯಾರ ಸೂರ್ಯನ ಮಾತು ಕೇಳುವುದಿಲ್ಲ.
ರಾತ್ರಿ ಒಂಬತ್ತಕ್ಕೂ ಬಿಸಿಲು
ದುಯೆರೊ ನದಿಗೆ ಕಾಲು ಇಳಿಬಿಟ್ಟು ಕೂತಿರುತ್ತದೆ.
ಏಳಕ್ಕೇ ಹಸಿದು ಹೋಟೆಲಿನ ಗಾಜು ತಟ್ಟಿದರೆ
ನೆಲ ಒರೆಸುತ್ತಿದ್ದ ಹುಡುಗ
ಕೆನ್ನೆಗೆ ಅಂಗೈ ಆನಿಸಿ ಕಣ್ಣು ಮುಚ್ಚಿದ:
ಅಡಿಗೆಯವನು ಇನ್ನೂ ಮಲಗಿದ್ದಾನೆ.

ಮಾಂಸ ಬೇಡ ಅಂದಿದ್ದೆ. ಇಲ್ಲವೇ ಇಲ್ಲ ಅಂದಿದ್ದಳು ವಿಸಿತಾಸಿಯೋನ್.
ಕಡಲೆಯ ಸಾರಿನ ತಳದಲ್ಲಿ
ಕೆಂಪಗೆ ಸಾಸೇಜಿನ ಚೂರು.
ಇದು?
ಅದು ಬರೀ ರುಚಿಗೆ.
ಮರುದಿನದಿಂದ ನನ್ನ ಪಾಲಿಗೆ ಬೇರೆ ಪಾತ್ರೆ:
ಬೆಳ್ಳುಳ್ಳಿ, ನಿನ್ನೆಯ ರೊಟ್ಟಿ, ಕೆಂಪುಮೆಣಸಿನ ಪುಡಿ,
ಮೇಲೆ ಒಡೆದು ಬಿಟ್ಟ ಒಂದು ಮೊಟ್ಟೆ.
ಮೊಟ್ಟೆಯೂ ಬೇಡ ಅನ್ನಲು ಬಾಯಿ ಬರಲಿಲ್ಲ.
ಕೆಳಗೆ ಬಿದ್ದ ರೊಟ್ಟಿಯ ತುಂಡನ್ನು
ನಾವಾದರೆ ಕಣ್ಣಿಗೊತ್ತಿಕೊಳ್ಳುತ್ತೇವೆ;
ಆಕೆ ತುಟಿಗೆ ಒತ್ತಿಕೊಂಡು, ಆಮೇಲೆ ಕೋಳಿಗೆ ಹಾಕಿದಳು.
ಅಂಥ ಕೈ ಬಡಿಸಿದ್ದನ್ನು ಹೇಗೆ ಸರಿಸುವುದು?
ನುಂಗಿದೆ.

ಊಟದ ಮನೆಯಿಂದ ಎದ್ದು ಹೊರಟವರು,
ಅಂಚೆಯವನಿರಲಿ, ಕೈಗೆ ಸುಣ್ಣ ಮೆತ್ತಿದ ಗಾರೆಯವನಿರಲಿ,
ಗುರುತಿಲ್ಲದ ನನ್ನ ತಟ್ಟೆಗೂ ಒಂದು ಮಾತು ಹಾಕಿ ಹೋಗುತ್ತಾರೆ.
ಬುಯೆನ್ ಪ್ರೊವೆಚೊ.
ಉಂಡದ್ದು ಮೈಗೆ ಹತ್ತಲಿ.

ಹತ್ತು ಗಂಟೆಗೆ ಕೇರಿಯ ಬಾಗಿಲುಗಳು
ಒಂದೊಂದಾಗಿ ಕುರ್ಚಿ ಹಡೆಯುತ್ತವೆ.
ಹುಲ್ಲು ಹೆಣೆದವು, ಪ್ಲಾಸ್ಟಿಕ್ಕಿನವು,
ಮುಚ್ಚಿದ ಬ್ಯಾಂಕಿನಿಂದ ತಂದ ಗಾಲಿಯದೊಂದು,
ಇಳಿಜಾರಿಗೆ ಉರುಳದಂತೆ ಅದಕ್ಕೆ ಕಲ್ಲು.
ಪೆಟ್ರೋನಿಲಾ, ಅಸುಂಸಿಯೋನ್, ಕಿವಿ ಮಂದವಾದ ಎಯುತಿಮಿಯೊ.
ಬೀಸಣಿಗೆ ಟಕ್ಕೆಂದು ಮಡಿಚಿದರೆ ಮಾತಿಗೆ ಪೂರ್ಣವಿರಾಮ,
ಬಿಚ್ಚಿದರೆ ಇನ್ನೊಬ್ಬರ ಸುದ್ದಿ.
ಎಲ್ಲರೂ ನದಿಗೆ ಬೆನ್ನು ಹಾಕಿ
ತಂತಮ್ಮ ಬಾಗಿಲಿಗೇ ಮುಖ ಮಾಡಿ ಕೂರುತ್ತಾರೆ.
ಯಾಕೆ ಹೀಗೆ, ಕೇಳಿದೆ.
ಎಂಬತ್ತೆರಡು ವರ್ಷ, ಅಂದಳು ಪೆಟ್ರೋನಿಲಾ,
ನದಿ ನೋಡಿ ಆಯಿತು.

ಐದನೆಯ ರಾತ್ರಿ, ಖಾಲಿ ಇದೆಯಲ್ಲ ಎಂದು,
ನೀಲಿ ಕುರ್ಚಿಯೊಂದರ ಮೇಲೆ ಕೂತುಬಿಟ್ಟೆ.
ಬೀಸಣಿಗೆಗಳು ನಿಂತವು.
ಅರ್ಧ ಸತ್ತಿದ್ದ ಹೇಸರಗತ್ತೆಯನ್ನು
ಎಯುತಿಮಿಯೊ ಕಥೆಯ ನಡುವೆಯೇ ಬಿಟ್ಟ.
ಏಳಲು ಹೋದೆ.
ಕೂತ್ಕೋ, ಅಂದಳು ಪೆಟ್ರೋನಿಲಾ,
ಕೂತದ್ದಾಯಿತು, ಈಗ ಎದ್ದರೆ ಇನ್ನೂ ಕೆಟ್ಟದು.

ಲೆಯೊಕಾದಿಯಾಳದಂತೆ.
ಫೆಬ್ರವರಿಯಲ್ಲಿ ಹೋದಳು.
ಕುರ್ಚಿಯನ್ನು ಸರದಿಯ ಮೇಲೆ ಒಬ್ಬೊಬ್ಬರು
ಹೊರಗೆ ತರುತ್ತಾರೆ, ಒಳಗೆ ಒಯ್ಯುತ್ತಾರೆ,
ಯಾಕೆಂದು ಯಾರೂ ಮಾತಾಡಿಕೊಂಡಿಲ್ಲ.
ಕತ್ತಲಲ್ಲಿ ಯಾರೋ ಮೂಗು ಸೀನಿದರು.
ಆಮೇಲೆ ವಿಸಿತಾಸಿಯೋನ್, ನನ್ನತ್ತ ತಿರುಗದೆ:
ಅವಳಿಗೂ ಮೊಟ್ಟೆ ಸೇರುತ್ತಿರಲಿಲ್ಲ.
ಅವಳಾದರೆ ಬಾಯಿ ಬಿಟ್ಟು ಹೇಳುತ್ತಿದ್ದಳು.

ಮೊದಲು ನಕ್ಕವನು ಎಯುತಿಮಿಯೊ, ಕೇಳಿಸದೆಯೇ.

ಕುರ್ಚಿಯ ಒಂದು ಕಾಲು ಗಿಡ್ಡ.
ನಕ್ಕಾಗಲೆಲ್ಲ ಅದು ಕಲ್ಲಿಗೆ ಕುಟ್ಟುತ್ತಿತ್ತು.
ಚೀಲ ತಡಕಿದೆ.
ಸಲಮಾಂಕಾಕ್ಕೆ ತೆಗೆದಿದ್ದ ಬಸ್ಸಿನ ಟಿಕೀಟು ಸಿಕ್ಕಿತು,
ತಾರೀಕು ದಾಟಿ ಮೂರು ದಿನ.
ನಾಲ್ಕು ಮಡಿಕೆ ಮಾಡಿ ಕಾಲಿನ ಕೆಳಗೆ ಸಿಕ್ಕಿಸಿದೆ.
ಸರಿ, ಎಯುತಿಮಿಯೊ, ಅಂದರು ಯಾರೋ ಜೋರಾಗಿ,
ಎಲ್ಲಿತ್ತು ನಿನ್ನ ಕತ್ತೆ?